ತೋಟದ ಮನೆಗೆ ಕ್ಲ್ಯಾಂಪ್ ಮೀಟರ್ ಬೇಕಾ?

ಸೋಮವಾರಪೇಟೆ ಕಡೆ ನಮ್ಮ ಕಾಫಿ ತೋಟ. ಎರಡು ರೂಮು ಹೋಂಸ್ಟೇಗೆ ಕೊಟ್ಟಿದ್ದೇವೆ. ಪಂಪು, ಗೀಸರ್, ಇನ್ವರ್ಟರ್ ಅಂತ ಒಂದಲ್ಲ ಒಂದು ಕೈ ಕೊಡುತ್ತಲೇ ಇರುತ್ತದೆ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ "ನಾಳೆ ಬರ್ತೀನಿ ಅಕ್ಕ" ಅನ್ನುತ್ತಾನೆ. ಆ ನಾಳೆ ಬರುವುದು ಯಾವಾಗಲೋ! ಅದಕ್ಕೇ ಮಡಿಕೇರಿಯಿಂದ ಒಂದು ಡಿಜಿಟಲ್ ಕ್ಲ್ಯಾಂಪ್ ಮೀಟರ್ ತಂದೆ. ಎರಡು ಸಾವಿರದ ಒಳಗೇ ಸಿಕ್ಕಿತು.

ಅಗ್ಗದ ಹಳದಿ ಮಲ್ಟಿಮೀಟರ್ ಸಾಕಾಗಲ್ವಾ ಅಂತ ಕೇಳಬಹುದು. ವೋಲ್ಟ್, ಓಮ್ ಅದರಲ್ಲೂ ಬರುತ್ತದೆ. ಆದರೆ ಆಂಪಿಯರ್, ಅಂದರೆ ಎಷ್ಟು ಕರೆಂಟ್ ಹರಿಯುತ್ತಿದೆ ಅಂತ ನೋಡಲು ವೈರ್ ಬಿಚ್ಚಿ ಮೀಟರನ್ನೇ ಮಧ್ಯೆ ಸೇರಿಸಬೇಕು. ಎಷ್ಟೋ ಮೀಟರ್‌ಗಳಲ್ಲಿ ಎಸಿ (ಮನೆ ಲೈನಿನ ಕರೆಂಟ್) ಆಂಪಿಯರ್ ಇರುವುದೇ ಇಲ್ಲ. ಕ್ಲ್ಯಾಂಪ್‌ಗೆ ಆ ರಗಳೆ ಇಲ್ಲ. ಕರೆಂಟ್ ಹರಿಯುವಾಗ ವೈರಿನ ಸುತ್ತ ಏಳುವ ಕಾಂತಕ್ಷೇತ್ರವನ್ನೇ ಅದು ಅಳೆಯುತ್ತದೆ. ಬಾಯಿ ಅಗಲಿಸಿ ವೈರಿಗೆ ಕಚ್ಚಿಸಿದರೆ ಆಯ್ತು. ಆದರೆ ಒಂದೇ ವೈರ್ ಹಿಡಿಯಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ.

ಕೊಟ್ಟ ದುಡ್ಡು ವಸೂಲಾಗಿದ್ದು ಪಂಪಿನ ವಿಷಯದಲ್ಲಿ. ರೋಬಸ್ಟಾ ಕಾಫಿ ಹೂವಿಗೆ ಎಲ್ಲರೂ ಸ್ಪ್ರಿಂಕ್ಲರ್ ಹಾಕುವ ಫೆಬ್ರವರಿ, ಮಾರ್ಚ್‌ನಲ್ಲಿ ಸಂಜೆಯಾದರೆ ನಮ್ಮಲ್ಲಿ ವೋಲ್ಟೇಜ್ ಕುಸಿಯುತ್ತದೆ. 230 ಇರಬೇಕಾದ ಕಡೆ 200. ಮೊದಲು ಗೀಸರ್ ವೈರ್ ಹಿಡಿದು ನೋಡಿದೆ. 2000 ವ್ಯಾಟಿನ ಗೀಸರ್ 230 ವೋಲ್ಟ್‌ಗೆ 8.7 ಆಂಪಿಯರ್ ಎಳೆಯಬೇಕು. ಎಳೆದದ್ದು 7.6. ಎಂಸಿಬಿ (ಲೈನ್ ಕಟ್ ಮಾಡುವ ಸ್ವಿಚ್) ಇಳಿಸಿ, ವೈರ್ ಬಿಚ್ಚಿ ಕಾಯಿಲ್ ಅಳೆದರೆ 26 ಓಮ್ ಚಿಲ್ಲರೆ. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಆಂಪಿಯರ್, ಲೆಕ್ಕ ಕರೆಕ್ಟ್. 200 ವೋಲ್ಟನ್ನು 7.6ರಿಂದ ಗುಣಿಸಿದರೆ ಸುಮಾರು 1500 ವ್ಯಾಟ್. ವೋಲ್ಟೇಜ್ ಇಳಿದದ್ದು 30, ಬಿಸಿ ಹೋದದ್ದು ಕಾಲು ಭಾಗ! ಗೆಸ್ಟ್‌ಗಳು ನೀರು ಬಿಸಿಯಿಲ್ಲ ಅಂತ ಗೊಣಗಿದ್ದು ಸುಮ್ನೆ ಅಲ್ಲ.

ಪಂಪಿನದು ಇದಕ್ಕೆ ಪೂರಾ ಉಲ್ಟಾ. ಬೆಳಿಗ್ಗೆ ವೋಲ್ಟೇಜ್ ಚೆನ್ನಾಗಿದ್ದಾಗ 6.5 ಆಂಪಿಯರ್, ಸಂಜೆ 8. ಗೀಸರ್ ಆದರೆ ಸಿಕ್ಕಷ್ಟರಲ್ಲೇ ಸುಧಾರಿಸಿಕೊಳ್ಳುತ್ತದೆ. ಮೋಟರ್ ಅಷ್ಟೇ ನೀರನ್ನು ಅಷ್ಟೇ ಎತ್ತರಕ್ಕೆ ಏರಿಸಬೇಕು. ವೋಲ್ಟ್ ಕಮ್ಮಿಯಾದರೆ ಆಂಪಿಯರ್ ಜಾಸ್ತಿ ಎಳೆದು ಸರಿದೂಗಿಸುತ್ತದೆ. ವೈಂಡಿಂಗ್ (ಮೋಟರ್ ಒಳಗಿನ ವೈರಿನ ಸುರುಳಿ) ಬಿಸಿಯಾಗುವುದು ಆಂಪಿಯರ್‌ನ ವರ್ಗದ ಲೆಕ್ಕದಲ್ಲಿ. 6.5ರಿಂದ 8ಕ್ಕೆ ಏರಿದರೆ ಬಿಸಿ ಒಂದೂವರೆ ಪಟ್ಟು. ರೀವೈಂಡಿಂಗ್ ಅಂಗಡಿಗೆ ನಮ್ಮ ಮೋಟರ್ ಯಾಕೆ ಪದೇ ಪದೇ ಹೋಗುತ್ತಿತ್ತು ಅಂತ ಈಗ ಗೊತ್ತಾಯ್ತು.

ಇನ್ನೂ ಒಂದಿದೆ. ಪಂಪು ಇರುವುದು ಮನೆಯಿಂದ 200 ಮೀಟರ್ ದೂರ, ಕೆಳಗೆ ಕೆರೆ ಹತ್ತಿರ. ಮೋಟರ್ ಓಡುವಾಗ ಮನೆಯಲ್ಲಿ 200 ವೋಲ್ಟ್, ಅಲ್ಲಿ 176. ಆಫ್ ಮಾಡಿದರೆ ಎರಡೂ ಕಡೆ ಒಂದೇ. ಸ್ಪ್ರಿಂಕ್ಲರ್ ಪೈಪಿನ ಕೊನೇ ಜೆಟ್‌ಗೆ ಪ್ರೆಷರ್ ಸಾಲದೆ ಹೋಗುವ ಹಾಗೇ ಇದು. 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, ಹೋಗಿ ಬರುವುದು ಸೇರಿ 400 ಮೀಟರ್, ಸುಮಾರು 3 ಓಮ್. ಎಂಟು ಮೂರಲೆ 24 ವೋಲ್ಟ್ ದಾರಿಯಲ್ಲೇ ಖಾಲಿ. ಇನ್ನೂ ದಪ್ಪದ 6 ಸ್ಕ್ವೇರ್ ವೈರ್ ಹಾಕಿದರೆ ಈ ನಷ್ಟ 10 ವೋಲ್ಟ್ ಆಸುಪಾಸಿಗೆ ಇಳಿಯುತ್ತದೆ. ಹೊಸ ಮೋಟರ್ ಬೇಡ ಅಂತ ಯಜಮಾನರನ್ನು ಒಪ್ಪಿಸಿದ್ದು ಈ ಲೆಕ್ಕವೇ.

ಕೊರತೆ ಇಲ್ಲ ಅಂತಲ್ಲ. 9 ವ್ಯಾಟ್ ಎಲ್‌ಇಡಿ ಬಲ್ಬು ಎಳೆಯುವ 0.04 ಆಂಪಿಯರ್ ಇದಕ್ಕೆ ಕಾಣಿಸುವುದೇ ಇಲ್ಲ. ವೈರನ್ನು ಮೀಟರಿನ ಬಾಯಿಗೆ ಹತ್ತು ಸುತ್ತು ಸುತ್ತಿ, ಬಂದದ್ದನ್ನು ಹತ್ತರಿಂದ ಭಾಗಿಸಬೇಕು. ಡಿಸಿ (ಬ್ಯಾಟರಿ, ಸೋಲಾರ್ ಪ್ಯಾನಲ್‌ನ ಕರೆಂಟ್) ಆಂಪಿಯರ್ ಇದರಲ್ಲಿ ಇಲ್ಲ, ಸೋಲಾರ್ ಇರುವವರು ಎಸಿ, ಡಿಸಿ ಎರಡೂ ಇರುವುದನ್ನು ಕೇಳಿ ತಗೊಳ್ಳಿ, ರೇಟು ಜಾಸ್ತಿ. ಬ್ಯಾಟರಿ ವೋಲ್ಟ್ ನೋಡಲು ಇದೇ ಸಾಕು: ಫುಲ್ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ 12.6 ತೋರಿಸಬೇಕು. ಮಳೆಗಾಲದಲ್ಲಿ ಡಿಸ್‌ಪ್ಲೇ ಒಳಗೆ ತೇವ ಕಟ್ಟುತ್ತದೆ, ಡಬ್ಬದಲ್ಲಿ ಹಾಕಿ ಮುಚ್ಚಿಡಿ.

ಮುಖ್ಯವಾಗಿ, ಆನೆಗೆ ಹಾಕಿದ ಸೋಲಾರ್ ಬೇಲಿಗೆ ಇದರ ಪ್ರೋಬ್ (ವೋಲ್ಟ್ ನೋಡಲು ಮುಟ್ಟಿಸುವ ಕಡ್ಡಿ) ಮುಟ್ಟಿಸಲೇಬೇಡಿ. ಬೇಲಿಯಲ್ಲಿ ಹೊಡೆಯುವ ಪಲ್ಸ್ ಸಾವಿರಾರು ವೋಲ್ಟಿನದು, ಈ ಮೀಟರ್ ತಡೆಯುವುದು 600. ಅದಕ್ಕೆ ಬೇರೆ ಬೇಲಿ ಟೆಸ್ಟರ್ ಸಿಗುತ್ತದೆ.