ಇಬ್ಬರೇ ವೀಕೆಂಡಿಗೆ ಹೊರಟರೆ ಇಂಗ್ಲೆಂಡಿನ ಹಳೇ ಊರುಗಳಲ್ಲಿ ಬಾತ್ ಒಳ್ಳೇದಾ, ಯಾರ್ಕ್ ಒಳ್ಳೇದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಯಾರ್ಕ್‌ಗೆ.

ನಾವಿರುವುದು ಲಂಡನ್ ಪಕ್ಕದ ಸ್ಲೌನಲ್ಲಿ. ಇಲ್ಲಿಂದ ಬಾತ್ ಹತ್ತಿರ, ರೆಡಿಂಗ್‌ನಲ್ಲಿ ಟ್ರೈನ್ ಬದಲಿಸಿದರೆ ಆಯಿತು. ಯಾರ್ಕ್‌ಗಾದರೆ ಮೊದಲು ಲಂಡನ್‌ಗೆ ಹೋಗಬೇಕು, ಆಮೇಲೆ ಕಿಂಗ್ಸ್ ಕ್ರಾಸ್‌ನಿಂದ ಸುಮಾರು ಎರಡು ಗಂಟೆ. ಆದರೂ ಗಂಡ ಹೆಂಡತಿ ಇಬ್ಬರೇ ಹಳೇ ಊರೊಂದರಲ್ಲಿ ಗಡಿಬಿಡಿ ಇಲ್ಲದೆ ಸುಮ್ನೆ ಓಡಾಡಿಕೊಂಡು ಬರಬೇಕು ಅಂದರೆ ನಾನು ಯಾರ್ಕ್ ಅಂತಲೇ ಹೇಳುತ್ತೇನೆ.

ಬಾತ್ ಚೆಂದ ಇಲ್ಲ ಅಂತಲ್ಲ. ಊರಿಗೆ ಊರೇ ಜೇನುಬಣ್ಣದ ಕಲ್ಲು. ರಾಯಲ್ ಕ್ರೆಸೆಂಟ್ ಮುಂದಿನ ಹುಲ್ಲಿನ ಮೇಲೆ ಕೂತರೆ ಬಾಗಿಕೊಂಡು ಹೋಗುವ ಆ 30 ಮನೆಗಳ ಸಾಲಿನಿಂದ ಕಣ್ಣು ಕೀಳಲು ಆಗುವುದಿಲ್ಲ. ರೋಮನ್ನರ ಸ್ನಾನಗೃಹವಂತೂ ನೋಡಲೇಬೇಕಾದದ್ದು. ನೆಲದಿಂದ 46 ಡಿಗ್ರಿ ಬಿಸಿ ನೀರು ದಿನಕ್ಕೆ 11 ಲಕ್ಷ ಲೀಟರಿಗೂ ಜಾಸ್ತಿ ಉಕ್ಕುತ್ತದೆ, ಹಸಿರು ನೀರಿನ ಮೇಲೆ ಹಬೆ ಆಡುತ್ತಿರುತ್ತದೆ. ಅಲ್ಲಿ ನೀರಿಗೆ ಇಳಿಯುವ ಹಾಗಿಲ್ಲ. ಅದೇ ನೀರಲ್ಲಿ ಮೀಯಬೇಕಂದರೆ ಹತ್ತಿರದಲ್ಲೇ ಬೇರೆ ಸ್ಪಾ ಇದೆ, ಅದಕ್ಕೆ ಬೇರೆ ದುಡ್ಡು.

ನಮ್ಮ ವೀಕೆಂಡ್ ಕೆಡಿಸಿದ್ದು ರೂಮು. ಲ್ಯಾನ್ಸ್‌ಡೌನ್ ಕಡೆ, ಏರಿನಲ್ಲಿ, ಹಳೇ ಜಾರ್ಜಿಯನ್ ಮನೆಯೊಂದರಲ್ಲಿ ಬುಕ್ ಮಾಡಿದ್ದೆವು. ಶನಿವಾರ ಬೇಕಂದರೆ ಎರಡು ರಾತ್ರಿ ತೆಗೆದುಕೊಳ್ಳಲೇಬೇಕು, ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಇಲ್ಲ. ಅದಕ್ಕೂ ಒಪ್ಪಿಕೊಂಡಿದ್ದೆವು. ಬೆಳಿಗ್ಗೆ ಹನ್ನೊಂದಕ್ಕೆ ಬಾತ್‌ನಲ್ಲಿ ಇಳಿದು, ಸೂಟ್‌ಕೇಸ್ ಎಳೆದುಕೊಂಡು ಆ ಏರು ಹತ್ತಿ ಬಾಗಿಲಿಗೆ ಹೋದರೆ, ಮೂರು ಗಂಟೆಯವರೆಗೆ ರೂಮೂ ಇಲ್ಲ, ಬ್ಯಾಗೂ ಇಟ್ಟುಕೊಳ್ಳುವುದಿಲ್ಲ ಅಂದರು. ಒಂದು ಮೂಲೆಯಲ್ಲಿ ಇಟ್ಟಿರುತ್ತೇವೆ ಅಂದರೂ ಕೇಳಲಿಲ್ಲ. ಮತ್ತೆ ಇಳಿದೆವು.

ಸ್ನಾನಗೃಹಕ್ಕೆ ಹನ್ನೆರಡರ ಟಿಕೆಟ್ ಇತ್ತು. ಅಲ್ಲಿ ಹೊತ್ತು ಗೊತ್ತು ಮಾಡಿಯೇ ಟಿಕೆಟ್ ಕೊಡುವುದು. ಸೂಟ್‌ಕೇಸ್ ಎಳೆದುಕೊಂಡು ಆ ಜನದೊಳಗೆ ಹೇಗೆ ಹೋಗುವುದು? ಕೊನೆಗೆ ನಾನೊಬ್ಬಳೇ ಒಳಗೆ ಹೋದೆ. ನಮ್ಮನೆಯವರು ಪಕ್ಕದ ಬಾತ್ ಅಬ್ಬೆ ಅನ್ನುವ ಹಳೇ ಚರ್ಚಿನ ಎದುರು ಬೆಂಚಿನ ಮೇಲೆ ಬ್ಯಾಗ್ ಕಾಯುತ್ತಾ, ಗೋಡೆಯಲ್ಲಿ ಕೆತ್ತಿದ ಏಣಿ ಹತ್ತುವ ದೇವದೂತರನ್ನು ನೋಡಿಕೊಂಡು ಕೂತಿದ್ದರು. ಇಬ್ಬರೂ ಒಟ್ಟಿಗೆ ನೋಡೋಣ ಅಂತ ತಾನೇ ಬಂದಿದ್ದು? ಅವರ ಟಿಕೆಟ್ಟಿನ ದುಡ್ಡಿಗಿಂತ ಆ ಬೇಜಾರೇ ನನಗೆ ಜಾಸ್ತಿ.

ಮೂರು ಗಂಟೆಗೆ ಸಿಕ್ಕ ರೂಮು ಅಟ್ಟದಲ್ಲಿ. ಲಿಫ್ಟ್ ಇಲ್ಲ. ಹಳೇ ಕಟ್ಟಡ ಅಂತ ರಕ್ಷಣೆ ಇರುವ ಮನೆಗಳಲ್ಲಿ ಬೇಕಾದ ಹಾಗೆ ಒಡೆದು ಕಟ್ಟುವ ಹಾಗಿಲ್ಲ, ಅದು ಅರ್ಥವಾಗುತ್ತದೆ. ಆದರೆ ಬುಕ್ ಮಾಡುವ ಪೇಜಿನಲ್ಲಿ ಮೆಟ್ಟಿಲ ಬಗ್ಗೆ ಒಂದು ಮಾತು ಹಾಕಬಹುದಿತ್ತಲ್ಲ.

ಯಾರ್ಕ್‌ನಲ್ಲಿ ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಕೋಟೆ ಗೋಡೆ. ಊರು ಬಹುಪಾಲು ಸಮತಟ್ಟು. ಮಿಕಲ್‌ಗೇಟ್ ಹತ್ತಿರದ ಚಿಕ್ಕ ಬೆಡ್ ಆಂಡ್ ಬ್ರೇಕ್‌ಫಾಸ್ಟಿನ ಅಮ್ಮ ನಾವು ಕೇಳುವ ಮುಂಚೆಯೇ ಬ್ಯಾಗ್ ತೆಗೆದುಕೊಂಡು, ಟೀ ಕುಡಿದು ಹೋಗಿ ಅಂದರು. ಅಲ್ಲಿಂದ ನೇರ ಗೋಡೆ ಹತ್ತಿದೆವು. ಟಿಕೆಟ್ ಇಲ್ಲ, ಕತ್ತಲಾಗುವ ಮುಂಚೆ ಯಾವಾಗ ಬೇಕಾದರೂ ಹತ್ತಬಹುದು, ಸಾಕಾದರೆ ಮುಂದಿನ ಬಾಗಿಲಲ್ಲಿ ಇಳಿಯಬಹುದು. ಒಟ್ಟು 3.4 ಕಿಲೋಮೀಟರ್. ಬೂತಮ್ ಬಾರ್‌ನಿಂದ ಮಂಕ್ ಬಾರ್ ತನಕದ ಭಾಗ ಬಿಡಬೇಡಿ (ಇಲ್ಲಿ ಬಾರ್ ಅಂದರೆ ಕೋಟೆ ಬಾಗಿಲು). ಒಂದು ಪಕ್ಕ ಮಿನ್‌ಸ್ಟರ್ ಅನ್ನುವ ಊರಿನ ದೊಡ್ಡ ಚರ್ಚು, ಕೆಳಗೆ ಯಾರದೋ ಮನೆಯ ಹಿತ್ತಲು. ಅಲ್ಲಲ್ಲಿ ದಾರಿ ಎಷ್ಟು ಕಿರಿದು ಅಂದರೆ ಎದುರಿನಿಂದ ಜನ ಬಂದಾಗ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು, ಕೆಲವು ಕಡೆ ಒಳಗಿನ ಬದಿಗೆ ಕಂಬಿಯೂ ಇಲ್ಲ. ಚಿಕ್ಕ ಮಕ್ಕಳಿದ್ದರೆ ಕೈ ಬಿಡಬೇಡಿ.

ಮಿನ್‌ಸ್ಟರ್ ಒಳಗೆ ನೋಡಲು ಟಿಕೆಟ್ ಇದೆ, ಅದು ದುಬಾರಿಯೇ. ಆದರೆ ಪೂರ್ವದ ದೊಡ್ಡ ಕಿಟಕಿಗೆ ಕೊಟ್ಟ ದುಡ್ಡು ದಂಡವಲ್ಲ. 1405ರಿಂದ 1408ರೊಳಗೆ ಮಾಡಿದ ಗಾಜು. ಸಂಜೆ ಹಾಡಿನ ಪ್ರಾರ್ಥನೆಗೆ ಕೂರಲು ಟಿಕೆಟ್ ಬೇಡ. ರೈಲ್ವೆ ಮ್ಯೂಸಿಯಂ ಕೂಡ ಪುಕ್ಕಟೆ. ನಮ್ಮನೆಯವರು 1938ರಲ್ಲಿ ಗಂಟೆಗೆ 203 ಕಿಲೋಮೀಟರ್ ಓಡಿದ ನೀಲಿ ಮ್ಯಾಲರ್ಡ್ ಉಗಿ ಎಂಜಿನ್ ಮುಂದೆಯೇ ನಿಂತುಬಿಟ್ಟರು. ಶ್ಯಾಂಬಲ್ಸ್ ಬೀದಿ ಶನಿವಾರ ಕಾಲಿಡಲಾಗದಷ್ಟು ಜನ, ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಹೋಗಿ.

ಸಸ್ಯಾಹಾರ ಎರಡೂ ಊರಲ್ಲಿ ಸಲೀಸು.

ಖರ್ಚು ನೋಡಿದರೆ ಟ್ರೈನಿಗೆ ಯಾರ್ಕೇ ಜಾಸ್ತಿ. ಟೂ ಟುಗೆದರ್ ರೈಲ್‌ಕಾರ್ಡ್ ಇದ್ದರೆ ಇಬ್ಬರೂ ಒಟ್ಟಿಗೆ ಹೋಗುವಾಗ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ರೂಮು ಮತ್ತು ಪುಕ್ಕಟೆ ನೋಡುವ ಜಾಗಗಳಲ್ಲಿ ಉಳಿದದ್ದು ಸೇರಿಸಿದರೆ ನಮಗೆ ಯಾರ್ಕೇ ಕಮ್ಮಿ ಬಿತ್ತು. ಊರಿಂದ ಅಪ್ಪ ಅಮ್ಮ ಬಂದಾಗ ಬಾತ್‌ಗೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುತ್ತೇವೆ, ಸೂಟ್‌ಕೇಸ್ ಇಲ್ಲದೆ. ನಾವಿಬ್ಬರೇ ರಾತ್ರಿ ಉಳಿಯುವುದಾದರೆ ಯಾರ್ಕ್, ಅದೂ ಗೋಡೆಯ ದಿಬ್ಬದ ತುಂಬ ಹಳದಿ ಡ್ಯಾಫೋಡಿಲ್ ಇರುವ ಮಾರ್ಚ್ ಕೊನೆಗೆ. ರೂಮು ಮಾತ್ರ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ ನೋಡಿ, ಬ್ಯಾಗ್ ಎಷ್ಟು ಹೊತ್ತಿಗೆ ಇಟ್ಟುಕೊಳ್ಳುತ್ತಾರೆ ಅಂತ ಫೋನ್ ಮಾಡಿ ಕೇಳಿಯೇ ದುಡ್ಡು ಕಟ್ಟಿ.