ಚೆನ್ನೈ ನೆರೆಯಲ್ಲಿ ಕೈಬಿಡದ ನೋಕಿಯಾ 105

ಚಿಕ್ಕಪ್ಪನ ಮಗಳು ಓದಲು ಚೆನ್ನೈಗೆ ಹೊರಟಿದ್ದಾಳೆ. "ಏನೇನು ತಗೊಂಡು ಹೋಗಲಿ ಅಕ್ಕಾ?" ಅಂತ ಕೇಳಿದಳು. ಒಂದು ಕೀಪ್ಯಾಡ್ ಫೋನ್ ಇಟ್ಟುಕೋ ಅಂದೆ. ಅವಳಿಗೆ ಆಶ್ಚರ್ಯ. ಅದಕ್ಕೇ ಇಷ್ಟು ಹಳೆಯ ಫೋನಿನ ಬಗ್ಗೆ ಈಗ ಬರೆಯುತ್ತಿದ್ದೇನೆ.

ನನ್ನದು 2013ರ ನೋಕಿಯಾ 105, ನೀಲಿ ಬಣ್ಣದ್ದು. ಅಪ್ಪ ಅಡಿಕೆ ತೋಟಕ್ಕೆ ಒಯ್ಯುತ್ತಿದ್ದ ಫೋನ್. ನಾನು ಸಾಗರದಿಂದ ಹೊರಡುವ ದಿನ ಅದಕ್ಕೊಂದು ಬಿಎಸ್‌ಎನ್‌ಎಲ್ ಸಿಮ್ ಹಾಕಿಸಿ ಬ್ಯಾಗಿನಲ್ಲಿಟ್ಟರು. ಒಂದೂವರೆ ವರ್ಷ ಅದರಲ್ಲಿ ಅಲಾರ್ಮ್ ಬಿಟ್ಟು ಬೇರೇನೂ ಬಳಸಲಿಲ್ಲ.

2015ರ ಡಿಸೆಂಬರ್ 1. ಸೈದಾಪೇಟೆಯಲ್ಲಿ ಅಡ್ಯಾರ್ ನದಿಗೆ ಹತ್ತಿರವೇ ನಮ್ಮ ರೂಮು, ಮೊದಲ ಮಹಡಿ. ನವೆಂಬರ್ ಮಳೆಗೇ ಕೆರೆಗಳೆಲ್ಲ ತುಂಬಿದ್ದವು. ಅವತ್ತು ತಾಂಬರಂ ಕಡೆ ಒಂದೇ ದಿನಕ್ಕೆ ಸುಮಾರು 49 ಸೆಂಟಿಮೀಟರ್ ಸುರಿಯಿತು. ನಾನು ಮಲೆನಾಡಿನವಳು, ಮಳೆಗೆ ಹೆದರಿದವಳಲ್ಲ. ಆದರೆ ನಮ್ಮೂರಲ್ಲಿ ಬಿದ್ದ ನೀರು ಇಳಿದು ಹೋಗುತ್ತದೆ. ಅಲ್ಲಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಏರುತ್ತಾ ಬಂತು. ಕರೆಂಟ್ ಹೋಗಿತ್ತು. ನಡುರಾತ್ರಿ ಕೆಳಮನೆಯ ಪಾಟಿಯನ್ನು (ತಮಿಳಿನಲ್ಲಿ ಅಜ್ಜಿಗೆ ಹಾಗನ್ನುತ್ತಾರೆ) ನಾವು ಮೂವರು ಹುಡುಗಿಯರು ಮೇಲೆ ಕರೆತಂದದ್ದು ಈ ಫೋನಿನ ಟಾರ್ಚ್ ಬೆಳಕಿನಲ್ಲೇ. ತಲೆಯ ಮೇಲಿರುವ ಪುಟ್ಟ ದೀಪ. ಒಂದು ಮೆಟ್ಟಿಲು ಕಾಣುವಷ್ಟು ಬೆಳಕು. ಅಷ್ಟು ಸಾಕಾಯಿತು.

ಮರುದಿನ ಮಧ್ಯಾಹ್ನದೊಳಗೆ ಮೂವರ ಸ್ಮಾರ್ಟ್‌ಫೋನುಗಳೂ ಸತ್ತವು. ಅದಕ್ಕೂ ಮುಂಚೆಯೇ ಎಲ್ಲಾ ಸಿಮ್‌ಗಳ ಸಿಗ್ನಲ್ ಹೋಗಿತ್ತು. ಟವರ್ ಇಲ್ಲದಿದ್ದರೆ ಯಾವ ಫೋನಿನಲ್ಲೂ ಮಾತಾಡೋಕಾಗಲ್ಲ, ಇದರಲ್ಲೂ ಅಷ್ಟೇ. ಆದರೆ ಇದರಲ್ಲಿ ಎಫ್‌ಎಂ ಇತ್ತು. ಇಯರ್‌ಫೋನ್ ಚುಚ್ಚಿದರೆ ಅದೇ ಆಂಟೆನಾ. ಚುಚ್ಚದಿದ್ದರೆ ರೇಡಿಯೋ ಬರುವುದಿಲ್ಲ. ಸ್ಪೀಕರ್ ಹಾಕಿ ನಾಲ್ವರೂ ಸುತ್ತ ಕೂತು ಕೇಳುತ್ತಿದ್ದೆವು. ಚೆಂಬರಂಬಾಕ್ಕಂ 'ಏರಿ'ಯಿಂದ ನೀರು ಬಿಟ್ಟಿದ್ದಾರೆ ಅಂತ ಹೇಳಿದಾಗ ನನಗೆ ಕೈಕಾಲು ತಣ್ಣಗಾಯಿತು. ನಮಗೆ ಏರಿ ಅಂದರೆ ಕೆರೆಯ ದಂಡೆ ಅಲ್ವಾ? ದಂಡೆಯೇ ಒಡೆಯಿತು ಅಂದುಕೊಂಡೆ. ತಮಿಳಿನಲ್ಲಿ ಏರಿ ಅಂದರೆ ಕೆರೆ, ದಂಡೆಗೆ 'ಕರೈ' ಅನ್ನುತ್ತಾರೆ ಅಂತ ಪಾಟಿ ಬಿಡಿಸಿ ಹೇಳಿದರು. ರೈಲು ರದ್ದಾದದ್ದು, ವಿಮಾನ ನಿಲ್ದಾಣ ಮುಚ್ಚಿದ್ದು ಎಲ್ಲ ನಮಗೆ ತಿಳಿದದ್ದು ರೇಡಿಯೋದಿಂದಲೇ. ಅವತ್ತು ಚೆನ್ನೈನಲ್ಲಿ 'ದಿ ಹಿಂದೂ' ಕೂಡ ಅಚ್ಚಾಗಲಿಲ್ಲ. ಆ ಪತ್ರಿಕೆ 1878ರಲ್ಲಿ ಶುರುವಾದ ಮೇಲೆ ಹಾಗಾದದ್ದು ಅದೇ ಮೊದಲು.

3ರ ಸಂಜೆ ಟೆರೇಸಿನ ನೀರಿನ ಟ್ಯಾಂಕಿನ ಪಕ್ಕ ಸಿಗ್ನಲ್ಲಿನ ಒಂದು ಕಡ್ಡಿ ಮೂಡಿತು. ಮೂರನೇ ಸಲಕ್ಕೆ ಅಪ್ಪ ಸಿಕ್ಕರು. "ಪುಟ್ಟಿ, ಊಟ ಮಾಡಿದ್ಯಾ?" ಅಂದರು. ಅಷ್ಟರಲ್ಲಿ ಲೈನ್ ಕಟ್ಟಾಯಿತು. ಆ ಒಂದು ಮಾತಿನಿಂದ ಎಷ್ಟು ಧೈರ್ಯ ಬಂತು ಅಂತ ಬರೆಯಲು ನನಗೆ ಬರುವುದಿಲ್ಲ. ನೆಲ್ಲೂರಿನ ರೂಮ್‌ಮೇಟ್‌ಗೆ ಮಾತ್ರ ಮನೆಯ ನಂಬರ್ ಬಾಯಿಗೆ ಬರುತ್ತಿರಲಿಲ್ಲ. ನಂಬರುಗಳೆಲ್ಲ ಸತ್ತ ಫೋನಿನಲ್ಲಿದ್ದವು. ಅವಳ ಅಮ್ಮನಿಗೆ ಸುದ್ದಿ ಮುಟ್ಟಿಸಲು ಇನ್ನೂ ಎರಡು ದಿನ ಬೇಕಾಯಿತು.

ಬ್ಯಾಟರಿ 800 ಎಂಎಎಚ್ ಅಷ್ಟೇ. ಸುಮ್ನೆ ಇಟ್ಟರೆ 35 ದಿನದವರೆಗೆ ಬರುತ್ತದೆ ಅಂತ ಕಂಪನಿ ಹೇಳಿತ್ತು. ನಾನು ನವೆಂಬರ್ 30ರ ರಾತ್ರಿ ಚಾರ್ಜ್ ಮಾಡಿದ್ದೆ. ಟಾರ್ಚ್, ರೇಡಿಯೋ ಎಲ್ಲಾ ಲೆಕ್ಕ ಹಾಕಿ ಬಳಸಿ, 5ನೇ ತಾರೀಕು ಕೋಯಂಬೇಡಿನಲ್ಲಿ ಬೆಂಗಳೂರಿನ ಬಸ್ ಹತ್ತುವಾಗಲೂ ಸ್ವಲ್ಪ ಉಳಿದಿತ್ತು.

ಈಗ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ಈ ಹಳೆಯ ಮಾಡೆಲ್ 2ಜಿ, ಜಿಯೋ ಸಿಮ್ ಇದರಲ್ಲಿ ನಡೆಯುವುದಿಲ್ಲ. ಅದಕ್ಕೆ 4ಜಿ ಕೀಪ್ಯಾಡ್ ಫೋನೇ ಬೇಕು. ರೂಮಿನಲ್ಲಿರುವವರ ಸಿಮ್‌ಗಿಂತ ಬೇರೆ ಕಂಪನಿಯದ್ದು ಹಾಕಿ. ಸಿಮ್ ರೀಚಾರ್ಜ್ ಇರಲಿ. ತಂಗಿಗೆ ತಂದ ಫೋನಿಗೆ ನಿನ್ನೆ ಹನ್ನೆರಡು ನಂಬರ್ ತುಂಬಿಸಿ, ಡಬ್ಬಿಯಲ್ಲಿ ಒಂದು ಇಯರ್‌ಫೋನೂ ಹಾಕಿಟ್ಟಿದ್ದೇನೆ. ಚಿಕ್ಕಮ್ಮನ ನಂಬರನ್ನು ಮಾತ್ರ ಅವಳಿಂದ ಬಾಯಿಪಾಠ ಮಾಡಿಸಿದೆ.