ಯೋಯೋ ಲೋಚ್ ಕೊಳ್ಳುವ ಮುಂಚೆ

ಅಕ್ವೇರಿಯಂನಲ್ಲಿ ಸಾಕುವ ಯೋಯೋ ಲೋಚ್ ಮೀನನ್ನು ಬಲೆ ಹಾಕಿ ಹಿಡಿದುಕೊಡುವ ಅಂಗಡಿ ನನಗೆ ಇಷ್ಟವಿಲ್ಲ. ಈ ಮೀನಿನ ಕಣ್ಣಿನ ಕೆಳಗೆ ಮಡಚಿಟ್ಟ ಮುಳ್ಳಿರುತ್ತದೆ. ಹೆದರಿದರೆ ಅದು ಹೊರಗೆ ಬಂದು ಬಲೆಗೆ ಸಿಕ್ಕಿಕೊಳ್ಳುತ್ತದೆ. ನಾನು ಹೋಗುವ ಅಂಗಡಿಯ ಹುಡುಗ ಪ್ಲಾಸ್ಟಿಕ್ ಡಬ್ಬಿಯಲ್ಲೇ ಹಿಡಿದ, ಕವರ್ ಎರಡು ಪದರ ಹಾಕಿದ.

ನನಗೆ ಬೇಕಿದ್ದದ್ದು ಒಂದೇ ಮೀನು, ಗಿಡಗಳ ಜೊತೆ ಬಂದು ಗಾಜಿಗೆಲ್ಲ ಹತ್ತಿದ ಬಸವನಹುಳು ತಿನ್ನಲಿ ಅಂತ. "ಒಂದೇ ಕೊಡಲ್ಲ ಮೇಡಂ. ಒಂಟಿ ಬಿಟ್ರೆ ಬೇರೆ ಮೀನಿಗೆ ಕಾಟ ಕೊಡುತ್ತೆ. ಐದು ತಗೊಳ್ಳಿ," ಅಂದ. ಟ್ಯಾಂಕ್ ಎಷ್ಟುದ್ದ ಅಂತಲೂ ಕೇಳಿದ. ನಾಲ್ಕಡಿ ಅಂದ ಮೇಲೇ ಡಬ್ಬಿ ಎತ್ತಿದ್ದು! ಬೆರಳುದ್ದದ ಮೀನು ಬೆಳೆದರೆ 13–15 ಸೆಂ.ಮೀ. ಆಗುತ್ತದೆ.

ಬಸವನಹುಳು ಬೇಗನೇ ಖಾಲಿ. ಆಮೇಲೆ ಶುರುವಾಗಿದ್ದು ಜಾಗದ ಜಗಳ. ಎಲ್ಲಕ್ಕಿಂತ ದಪ್ಪಗಿರುವುದು ತೆಂಗಿನ ಚಿಪ್ಪನ್ನು ಹಿಡಿದುಕೊಂಡಿತು, ಬೇರೆಯವು ಹತ್ತಿರ ಬಂದರೆ ಮೈಗೆ ಮೈ ತಾಗಿಸಿ ಸುತ್ತುತ್ತದೆ. ಆಗ ಕಪ್ಪು ಪಟ್ಟೆಗಳು ಮಾಸಿ ಇಡೀ ಮೀನು ಬೂದಿ ಬಣ್ಣ. ಟಕ್ ಟಕ್ ಅಂತ ಸದ್ದು ಬೇರೆ, ಹಾಲ್‌ನಲ್ಲಿ ಕೂತರೂ ಕೇಳುತ್ತದೆ. ಗಾಯವೇನೂ ಆಗಲ್ಲ. ಮೀನಿಗಿಂತ ಒಂದೆರಡು ಜಾಸ್ತಿ ಅಡಗುತಾಣ ಇಟ್ಟರೆ ಸಾಕು, ಜಗಳ ತಮ್ಮೊಳಗೇ ಮುಗಿಯುತ್ತದೆ. ಗಪ್ಪಿ, ಬೆಟ್ಟಾದಂಥ ಉದ್ದ ರೆಕ್ಕೆಯ ಮೀನಿದ್ದರೆ ಮಾತ್ರ ಈ ಮೀನಿನ ಆಸೆ ಬಿಡಿ. ಸಣ್ಣ ಸೀಗಡಿಯನ್ನಂತೂ ತಿಂದೇ ಬಿಡುತ್ತದೆ.

ಇನ್ನೊಂದು, ಇದು ಪಕ್ಕಕ್ಕೆ ಒರಗಿ ಮಲಗುತ್ತದೆ. ಸತ್ತಿತು ಅಂತ ನಮ್ಮತ್ತೆ ಚಮಚ ಹಿಡಿದು ಬಂದಿದ್ದರು. ಚಮಚ ನೀರಿಗೆ ಮುಟ್ಟಿದ್ದೇ ತಡ, ಮಾಯ.

ಇದರ ಮೈಮೇಲಿನ ಹುರುಪೆ ತೀರಾ ಸಣ್ಣದು, ಔಷಧಿ ಬೇಗ ತಾಗುತ್ತದೆ. ಹಾಗಾಗಿ ಬಿಳಿ ಚುಕ್ಕೆ ರೋಗ ಬಂದರೆ ಉಪ್ಪು, ಔಷಧಿ ಸುರಿಯುವ ಮುಂಚೆ ಅಂಗಡಿಯಲ್ಲಿ ಕೇಳಿ. ಹುಡುಗ ಇದನ್ನೂ ತಾನಾಗಿಯೇ ಹೇಳಿದ.

ಅಂಗಡಿಯ ಮೇಲೆ ಒಂದೇ ತಕರಾರು. ಪಕ್ಕದ ಟ್ಯಾಂಕಿನಲ್ಲಿ ಝೀಬ್ರಾ ಲೋಚ್ ಇತ್ತು. ಅದು ಪಶ್ಚಿಮ ಘಟ್ಟದ, ನಮ್ಮ ತುಂಗಾ ನದಿಯ ಮೀನು. 1920ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣರಾವ್ ಅದನ್ನು ಹೊಸ ಜಾತಿ ಅಂತ ದಾಖಲಿಸಿದರು. ಈಗ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಅಳಿವಿನಂಚಿನ ಪಟ್ಟಿಯಲ್ಲಿದೆ. ಯೋಯೋಗಿಂತ ಸಾಧು, ನೋಡೋಕೂ ಚೆಂದ. ಹೊಳೆಯಿಂದ ಹಿಡಿದದ್ದಾ, ಸಾಕಿದ್ದಾ ಅಂತ ಕೇಳಿದೆ. ಹುಡುಗ ಮಾಲೀಕರ ಕಡೆ ನೋಡಿದ, ಮಾಲೀಕರು ಫೋನ್ ನೋಡಿದರು. ಉತ್ತರ ಸಿಗುವವರೆಗೆ ಆ ಟ್ಯಾಂಕಿನಿಂದ ನಾನು ಕೊಳ್ಳುವುದಿಲ್ಲ. ಯೋಯೋ ಬೇಕಾದರೆ ಮತ್ತೆ ಅಲ್ಲಿಗೇ ಹೋಗುತ್ತೇನೆ.